ಗ್ರಂಥಲೋಕದ ಪತ್ತೇದಾರಿ

ಪತ್ತೇದಾರಿ ಕಾದಂಬರಿಯೊಂದನ್ನು ಕೈಗೆತ್ತಿಕೊಂಡ ಹುಡುಗನಿಗೆ ಊಟಕ್ಕೆ ಕರೆದದ್ದೂ ಕೇಳಿಸುವುದಿಲ್ಲ. ಬೀಗ ಹಾಕಿದ ಕೋಣೆ, ಅರ್ಧ ಸುಟ್ಟ ಕಾಗದ, ಅಂಗಳದ ಕೆಸರಿನಲ್ಲಿ ಮೂಡಿದ ಹೆಜ್ಜೆ—ಇವುಗಳ ಜಾಡು ಹಿಡಿದು ಅವನ ಮನಸ್ಸು ಓಡುತ್ತಿರುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೂ ಇಂಗ್ಲೆಂಡಿನ ಕಾನನ್ ಡಾಯಲ್ ಸೃಷ್ಟಿಸಿದ ಷರ್ಲಾಕ್ ಹೋಮ್ಸನೂ ಇಂತಹ ಓದುಗರನ್ನು ಲಕ್ಷಗಟ್ಟಲೆ ಗಳಿಸಿಕೊಂಡವರು. ಈ ಓದನ್ನು ಕಾಲಹರಣವೆಂದು ಹಿರಿಯರು ಗದರಿಸುವುದುಂಟು. ಆ ಗದರಿಕೆ ಪೂರ್ತಿ ನ್ಯಾಯವಾದುದಲ್ಲ. ಸಣ್ಣ ಗುರುತನ್ನೂ ಕಡೆಗಣಿಸದಿರುವುದು, ಕೇಳಿದ ಮಾತನ್ನೆಲ್ಲ ನಂಬದಿರುವುದು, ಸಾಕ್ಷ್ಯ ದೊರೆಯುವ ತನಕ ತೀರ್ಪನ್ನು ತಡೆದಿಡುವುದು—ಇವು ಕೇವಲ ಕಳ್ಳರನ್ನು ಹಿಡಿಯುವವರಿಗೆ ಬೇಕಾದ ಗುಣಗಳಲ್ಲ. ಹಳೆಯ ಗ್ರಂಥಗಳನ್ನು ಶೋಧಿಸುವ ವಿದ್ವಾಂಸನೂ ಹಗಲಿರುಳು ಇದೇ ಕೆಲಸವನ್ನು ಮಾಡುತ್ತಾನೆ. ಅವನ ಪ್ರಕರಣದಲ್ಲಿ ಕಳೆದುಹೋಗಿರುವುದು ಒಡವೆಯಲ್ಲ, ಒಂದು ಹೆಸರು. ಈ ಗ್ರಂಥವನ್ನು ಬರೆದವರು ಯಾರು ಎಂಬುದೇ ಅಲ್ಲಿಯ ಪ್ರಶ್ನೆ.

ಇಂತಹ ಪ್ರಕರಣಗಳಿಗಾಗಿ ದೂರ ಹೋಗಬೇಕಾದುದಿಲ್ಲ. ಬ್ರಹ್ಮಾವರದಿಂದ ಕುಂದಾಪುರವನ್ನು ಹಾದು ಬೈಂದೂರಿನವರೆಗೆ ಕಡಲಿನ ಬದಿಯಲ್ಲಿ ಹಬ್ಬಿರುವ ಸೀಮೆಗೆ ಸಂಬಂಧಿಸಿದಂತೆಯೇ ಎರಡು ಸ್ವಾರಸ್ಯವಾದ ಪ್ರಕರಣಗಳಿವೆ. ಒಂದರಲ್ಲಿ ಕವಿಯೇ ತನ್ನನ್ನು ಬಚ್ಚಿಟ್ಟುಕೊಂಡನು. ಇನ್ನೊಂದರಲ್ಲಿ ಒಬ್ಬ ಕವಿಯ ಕೃತಿಗಳಿಗಾಗಿ ಎರಡು ಊರುಗಳು ಹಕ್ಕು ಹೂಡಿದವು.

ಮೊದಲನೆಯದು ಮುದ್ದಣನ ಪ್ರಕರಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕ. ಮೈಸೂರಿನಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಹುಡುಕಿ ಅಚ್ಚುಮಾಡುವ ಉತ್ಸಾಹ ಮೂಡಿತ್ತು. ‘ಕಾವ್ಯಮಂಜರಿ’ ಎಂಬ ಮಾಲೆ ಅದಕ್ಕಾಗಿಯೇ ಹೊರಡುತ್ತಿತ್ತು. ದಕ್ಷಿಣ ಕನ್ನಡದಿಂದ ಅದಕ್ಕೆ ಕೆಲವು ಗ್ರಂಥಗಳು ಬಂದವು. ಹಳಗನ್ನಡ ಗದ್ಯದಲ್ಲಿದ್ದ ‘ಅದ್ಭುತ ರಾಮಾಯಣ’ ೧೮೯೫ರಲ್ಲಿಯೂ ಷಟ್ಪದಿಯಲ್ಲಿದ್ದ ‘ಶ್ರೀರಾಮ ಪಟ್ಟಾಭಿಷೇಕ’ ೧೮೯೬ರಲ್ಲಿಯೂ ಬೆಳಕು ಕಂಡವು. ಎರಡನೆಯದರ ಕರ್ತೃ ಮಹಾಲಕ್ಷ್ಮಿ ಎಂಬ ಕವಯಿತ್ರಿ ಎಂದು ತಿಳಿಸಲಾಗಿತ್ತು. ಅನಂತರ ಬಂದದ್ದು ‘ಶ್ರೀರಾಮಾಶ್ವಮೇಧಂ’. ಅದರ ಕರ್ತೃ ಮುದ್ದಣ. ಹಳೆಯ ಕವಿಗಳ ಗ್ರಂಥಗಳು ಎಲ್ಲಿಯೋ ದೊರೆತವು, ಅವುಗಳನ್ನು ಕಳುಹಿಸಿಕೊಡಲಾಗಿದೆ ಎಂಬಂತೆ ಎಲ್ಲವೂ ನಡೆಯಿತು. ಕಳುಹಿಸಿದಾತನು ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುತ್ತಿದ್ದ ಒಬ್ಬ ತರುಣ. ಅವನ ಹೆಸರು ನಂದಳಿಕೆಯ ಲಕ್ಷ್ಮೀನಾರಣಪ್ಪ. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ ೧೮೭೦ರ ಜನವರಿ ೨೪ರಂದು ಹುಟ್ಟಿದ ಅವನು ಬಡತನದ ದೆಸೆಯಿಂದ ಓದನ್ನು ಅರ್ಧಕ್ಕೆ ಬಿಟ್ಟು, ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣವನ್ನು ಪಡೆದು ಬಂದವನು. ದಂಡೆ, ಬಸ್ಕಿ, ಕವಾಯಿತುಗಳನ್ನು ಹೇಳಿಕೊಡುವ ಮಾಸ್ತರನೊಬ್ಬನು ಹಳಗನ್ನಡದಲ್ಲಿ ಮಹಾಗ್ರಂಥವನ್ನು ಬರೆದಾನೆಂದು ಯಾರು ತಾನೇ ಶಂಕಿಸುತ್ತಿದ್ದರು?

೧೯೦೧ರ ಫೆಬ್ರವರಿಯಲ್ಲಿ ಕ್ಷಯರೋಗದಿಂದ ಲಕ್ಷ್ಮೀನಾರಣಪ್ಪನು ತೀರಿಕೊಂಡನು. ಆಗ ಅವನಿಗೆ ಮೂವತ್ತೊಂದು ವರ್ಷ. ಮುದ್ದಣನೆಂದರೆ ಇವನೇ ಎಂಬ ಸಂಗತಿ ಕನ್ನಡಿಗರಿಗೆ ತಿಳಿದದ್ದು ಅವನು ಹೋದಮೇಲೆ, ಅವನನ್ನು ಹತ್ತಿರದಿಂದ ಬಲ್ಲವರ ಮಾತುಗಳಿಂದ.

ಈಗ ಹಿಂದಿರುಗಿ ನೋಡಿದರೆ ಸುಳಿವುಗಳು ಕಣ್ಣೆದುರಿಗೇ ಇದ್ದವು. ಮುದ್ದಣ ಎಂಬುದು ಮನೆಯವರು ಮುದ್ದಿನಿಂದ ಆ ಹುಡುಗನನ್ನು ಕರೆಯುತ್ತಿದ್ದ ಹೆಸರು. ಮಹಾಲಕ್ಷ್ಮಿ ಎಂಬುದು ಅವನ ಹೆತ್ತ ತಾಯಿಯ ಹೆಸರು. ಮನೆಗೆ ಬೀಗ ಹಾಕಿದವನು ಬೀಗದ ಕೈಯನ್ನು ಹೊಸ್ತಿಲ ಮೇಲೆಯೇ ಇಟ್ಟುಹೋಗಿದ್ದನು. ಎತ್ತಿಕೊಳ್ಳುವವರು ಬರಲಿಲ್ಲ, ಅಷ್ಟೆ. ಗ್ರಂಥದ ಒಳಗೂ ಸುಳಿವುಗಳು ಇಲ್ಲದಿರಲಿಲ್ಲ. ‘ಶ್ರೀರಾಮಾಶ್ವಮೇಧ’ದ ಭಾಷೆ ಹಳೆಯದು, ಕಥೆ ಪದ್ಮಪುರಾಣದ್ದು. ಆದರೆ ಆ ಕಥೆಯನ್ನು ಮುದ್ದಣನು ತನ್ನ ಮಡದಿ ಮನೋರಮೆಗೆ ಮಳೆಗಾಲದಲ್ಲಿ ಹೇಳುತ್ತಾನೆ. ಅವಳು ಸುಮ್ಮನೆ ತಲೆದೂಗುವ ಕೇಳುಗಳಲ್ಲ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ. ಸಂಸ್ಕೃತದ ಭಾರ ಹೆಚ್ಚಾದಾಗ ತಡೆಯುತ್ತಾಳೆ. ಗಂಡನನ್ನು ಹಾಸ್ಯಮಾಡಿ ನಗುತ್ತಾಳೆ. ಸತಿಪತಿಯರ ಈ ಸರಸವಾದ ಹರಟೆ ಹಳೆಯ ಗದ್ಯಗ್ರಂಥಗಳ ಜಾಯಮಾನಕ್ಕೆ ಸೇರಿದುದಲ್ಲ. ‘ವಡ್ಡಾರಾಧನೆ’ಯ ಕಥೆಗಳೊಡನೆ ಇದನ್ನು ಹೋಲಿಸಿದ ಓದುಗನಿಗೆ, ಉಡುಗೆ ಹಳೆಯದಾದರೂ ಒಳಗಿನ ಜೀವ ಹೊಸದೆಂಬುದು ತಿಳಿಯದಿರದು. ಮನೋರಮೆ ಮುದ್ದಣನ ಗುಟ್ಟನ್ನು ಪುಟಪುಟದಲ್ಲಿಯೂ ಬಿಟ್ಟುಕೊಡುತ್ತಿದ್ದಾಳೆ.

ಇದಕ್ಕೆ ಸರಿಗಟ್ಟುವ ಉದಾಹರಣೆ ಇಂಗ್ಲೆಂಡಿನಲ್ಲಿ ದೊರೆಯುತ್ತದೆ. ಬ್ರಿಸ್ಟಲ್ ನಗರದ ಬಡ ಹುಡುಗ ಥಾಮಸ್ ಚ್ಯಾಟರ್ಟನ್ ತಾನು ಬರೆದ ಕವಿತೆಗಳನ್ನು ಹದಿನೈದನೆಯ ಶತಮಾನದ ರೌಲಿ ಎಂಬ ಸಂನ್ಯಾಸಿಯ ಕವಿತೆಗಳೆಂದು ಹೇಳಿ ಹೊರತಂದನು. ಹೊರೇಸ್ ವಾಲ್ಪೋಲ್ ಎಂಬ ಪ್ರಸಿದ್ಧ ಸಾಹಿತಿ ಮೊದಲು ನಂಬಿದನು, ಆಮೇಲೆ ಸಂದೇಹಗೊಂಡು ಹುಡುಗನನ್ನು ದೂರವಿಟ್ಟನು. ೧೭೭೦ರಲ್ಲಿ, ಹದಿನೆಂಟು ತುಂಬುವ ಮೊದಲೇ, ಚ್ಯಾಟರ್ಟನ್ ಲಂಡನ್ನಿನಲ್ಲಿ ಸತ್ತನು. ಅದಾಗಿ ನೂರು ವರ್ಷಕ್ಕೆ ಮುದ್ದಣನು ಹುಟ್ಟಿದನು. ಈ ಲೆಕ್ಕದಲ್ಲಿ ಅರ್ಥವೇನನ್ನೂ ಹುಡುಕಬೇಕಾದುದಿಲ್ಲ. ಆದರೆ ಎರಡು ದೇಶಗಳ ಇಬ್ಬರು ಬಡ ತರುಣರು ಒಂದೇ ಉಪಾಯವನ್ನು ಹೂಡಿದ್ದೇಕೆ ಎಂಬುದು ಯೋಚಿಸತಕ್ಕ ವಿಷಯ.

ಮುದ್ದಣನು ಮಾಡಿದ್ದು ತಪ್ಪೇ? ಒಂದು ಅರ್ಥದಲ್ಲಿ ತಪ್ಪೇ ಸರಿ. ತನ್ನದನ್ನು ಬೇರೆಯವರದೆಂದು ಹೇಳುವುದೂ ಸುಳ್ಳೇ. ಸಾಹಿತ್ಯದ ಚರಿತ್ರೆಯನ್ನು ಬರೆಯುವವರನ್ನು ಅದು ದಾರಿ ತಪ್ಪಿಸುತ್ತದೆ. ಆದರೆ ಕೃತಿಚೌರ್ಯ ಮಾಡುವವನು ಅನ್ಯರ ಕೀರ್ತಿಯನ್ನು ಕದಿಯುತ್ತಾನೆ, ಮುದ್ದಣನು ತನ್ನ ಕೀರ್ತಿಯನ್ನೇ ದಾನಮಾಡಿದನು ಎಂಬ ಭೇದವನ್ನು ಮರೆಯುವಂತಿಲ್ಲ. ದೋಷದ ಹೆಚ್ಚಿನ ಪಾಲನ್ನು ಆ ಕಾಲದ ಅಭಿರುಚಿಯೇ ಹೊರಬೇಕು. ಹಳೆಯದೆಂದರೆ ಕೈಮುಗಿದು ತೆರೆದು ಓದುವುದು, ಹೊಸಬನ ಬರಹವೆಂದರೆ ಕಟ್ಟನ್ನೂ ಬಿಚ್ಚದೆ ಬದಿಗಿಡುವುದು—ಇಂತಹ ವಾತಾವರಣದಲ್ಲಿ ಊರೂರು ತಿರುಗುವ ವ್ಯಾಯಾಮ ಶಿಕ್ಷಕನು ತನ್ನ ಗ್ರಂಥ ಅಚ್ಚಾಗಬೇಕೆಂದರೆ ಇನ್ನೇನು ಮಾಡಬಹುದಿತ್ತು? ಗ್ರಂಥದ ಗುಣವನ್ನು ನೋಡದೆ ಹೆಸರಿನ ಹಿರಿತನವನ್ನು ನೋಡಿದ್ದರ ಫಲವಾಗಿ, ಆಧುನಿಕ ಕನ್ನಡ ಗದ್ಯದ ಮುಂಬೆಳಗನ್ನು ಕಂಡ ಕವಿಗೆ ಜೀವದಲ್ಲಿರುವಾಗ ಸಲ್ಲಬೇಕಾದ ಒಂದು ಒಳ್ಳೆಯ ಮಾತೂ ಲೋಕದಿಂದ ಸಲ್ಲದೆ ಹೋಯಿತು.

ಮುದ್ದಣನ ವಿಷಯದಲ್ಲಿ ಅವನನ್ನು ಕಂಡವರು ಇನ್ನೂ ಬದುಕಿದ್ದರು. ಆದುದರಿಂದ ಸತ್ಯ ಹೊರಬಂದಿತು. ಸಾಕ್ಷಿ ನುಡಿಯಬೇಕಾದವರೆಲ್ಲರೂ ತೀರಿಹೋಗಿ ಇನ್ನೂರು, ಮುನ್ನೂರು ವರ್ಷಗಳಾಗಿದ್ದರೆ ಆಗೇನು ಮಾಡಬೇಕು? ಎರಡನೆಯ ಪ್ರಕರಣದ ಕಷ್ಟ ಇಲ್ಲಿದೆ.

ಯಕ್ಷಗಾನದ ರಾಮಾಯಣ ಪ್ರಸಂಗಗಳನ್ನು ಕರಾವಳಿಯಲ್ಲಿ ಅರಿಯದವರಿಲ್ಲ. ಪಂಚವಟಿ, ವಾಲಿಸುಗ್ರೀವರ ಕಾಳಗ ಮುಂತಾದ ಆಟಗಳ ಪದಗಳನ್ನು ತಲೆಮಾರುಗಳಿಂದ ಭಾಗವತರು ಹಾಡುತ್ತ ಬಂದಿದ್ದಾರೆ. ಇವುಗಳ ಕರ್ತೃ ಈಗಿನ ಕಾಸರಗೋಡು ಜಿಲ್ಲೆಯ ಕುಂಬಳೆಯ ಪಾರ್ತಿಸುಬ್ಬ ಎಂಬುದು ಪ್ರಸಿದ್ಧವಾದ ಅಭಿಪ್ರಾಯ. ಪಾರ್ತಿ ಎಂಬುದು ಅವನ ತಾಯಿ ಪಾರ್ವತಿಯ ಹೆಸರೆಂದು ಹೇಳುವುದುಂಟು. ಮುಳಿಯ ತಿಮ್ಮಪ್ಪಯ್ಯನವರು ೧೯೪೫ರಲ್ಲಿ ಈ ಕವಿಯನ್ನು ಕುರಿತು ಪುಸ್ತಕವನ್ನೇ ಬರೆದರು. ಆದರೆ ಬ್ರಹ್ಮಾವರಕ್ಕೆ ಹತ್ತಿರದ ಕೋಟದಲ್ಲಿ ೧೯೦೨ರಲ್ಲಿ ಹುಟ್ಟಿದ ಶಿವರಾಮ ಕಾರಂತರಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಅವರು ಊರೂರು ಅಲೆದು, ಭಾಗವತರ ಮನೆಗಳಲ್ಲಿದ್ದ ಪ್ರಸಂಗದ ಓಲೆಗರಿಗಳನ್ನು ಪರೀಕ್ಷಿಸಿದವರು. ಅಂತಹ ಪ್ರತಿಗಳ ಆಧಾರದ ಮೇಲೆ, ಆ ಪ್ರಸಂಗಗಳನ್ನು ಬರೆದವನು ಕುಂಬಳೆಯ ಪಾರ್ತಿಸುಬ್ಬನಲ್ಲ, ಅಜಪುರದ ಸುಬ್ಬ ಎಂದು ಅವರು ವಾದಿಸಿದರು. ೧೯೫೭ರಲ್ಲಿ ಪ್ರಕಟವಾಗಿ, ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಯಕ್ಷಗಾನ ಬಯಲಾಟ’ ಅವರ ಈ ಶೋಧನೆಗಳ ಫಲ.

ಅಜಪುರ ಎಲ್ಲಿದೆ? ಭೂಪಟದಲ್ಲಿ ಹುಡುಕಿದರೆ ಸಿಗದು. ಅಜ ಎಂದರೆ ಬ್ರಹ್ಮ, ಅಜಪುರವೆಂದರೆ ಬ್ರಹ್ಮಾವರ. ಹಳೆಯ ಕವಿಗಳು ಊರಿನ ಹೆಸರಿಗೂ ಸಂಸ್ಕೃತದ ಉಡುಗೆ ತೊಡಿಸುತ್ತಿದ್ದರು. ಕುಂಬಳೆ ಕಣ್ವಪುರವಾಗುತ್ತದೆ, ಬೈಂದೂರನ್ನು ಬಿಂದುಪುರವೆನ್ನುವುದುಂಟು. ಆದುದರಿಂದ ಗ್ರಂಥಲೋಕದ ಪತ್ತೇದಾರನಿಗೆ ಮೊದಲು ಬೇಕಾದುದು ನಿಘಂಟು. ಅಜಪುರದ ಹೆಸರು ಇಲ್ಲಿ ಹೊಸದಾಗಿ ಬಂದುದೂ ಅಲ್ಲ. ತೀರ ಹಳೆಯ ಯಕ್ಷಗಾನ ಪ್ರಸಂಗಗಳಲ್ಲಿ ಒಂದೆಂದು ಗಣನೆಗೆ ಬಂದಿರುವ, ಹದಿನಾರನೆಯ ಶತಮಾನದ್ದೆಂದು ಹೇಳಲಾಗುವ ‘ವಿರಾಟಪರ್ವ’ವನ್ನು ರಚಿಸಿದವನು ಅಜಪುರದ ವಿಷ್ಣು.

ಓಲೆಗರಿಯಿಂದ ಸತ್ಯವನ್ನು ಹೊರಡಿಸುವುದು ಸುಲಭದ ಕೆಲಸವಲ್ಲ. ತಾಳೆಯ ಗರಿಯನ್ನು ಹದಮಾಡಿ, ಕಂಠವೆಂಬ ಕಬ್ಬಿಣದ ಮೊನೆಯಿಂದ ಅಕ್ಷರಗಳನ್ನು ಕೊರೆದು, ಕಾಡಿಗೆಯನ್ನು ಒರಸಿ, ತೂತಿನಲ್ಲಿ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿಡುತ್ತಿದ್ದರು. ಕರಾವಳಿಯ ಮಳೆಗೂ ಗೆದ್ದಲಿಗೂ ಅಂಜಿ, ಗರಿ ಜೀರ್ಣವಾದಂತೆಲ್ಲ ಹೊಸ ಪ್ರತಿ ಎತ್ತುತ್ತಿದ್ದರು. ಪ್ರತಿಯ ಕೊನೆಯಲ್ಲಿ ಒಂದು ಹೆಸರಿದ್ದರೆ ಅದು ಕವಿಯದೋ, ಲಿಪಿಕಾರನದೋ? ಆರಂಭದ ಸ್ತುತಿಯಲ್ಲಿ ಒಂದು ಊರಿನ ದೇವರ ಹೆಸರಿದ್ದರೆ ಅದು ಕವಿಯ ಊರೋ, ಅಥವಾ ಆಟವಾಡಿಸಿದ ಭಾಗವತನು ತನ್ನ ಊರಿನ ದೇವರನ್ನು ಅಲ್ಲಿ ಸೇರಿಸಿದನೋ? ಇವನ್ನು ನಿರ್ಣಯಿಸದೆ ಮುಂದಕ್ಕೆ ಹೋಗುವಂತಿಲ್ಲ.

ಕಾಲವನ್ನು ಗೊತ್ತುಮಾಡುವಾಗ ಇನ್ನೊಂದು ತೊಡಕಿದೆ. ಸಂವತ್ಸರಗಳು ಅರವತ್ತು, ಅರವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ಗರಿಯ ಮೇಲೆ ‘ರಕ್ತಾಕ್ಷಿ ಸಂವತ್ಸರ’ ಎಂದಷ್ಟೇ ಇದೆಯೆನ್ನೋಣ. ರಕ್ತಾಕ್ಷಿ ೧೯೮೪ರಲ್ಲಿ ಬಂದಿತ್ತು. ಹಾಗೆಯೇ ೧೯೨೪, ೧೮೬೪, ೧೮೦೪, ೧೭೪೪ರಲ್ಲಿಯೂ ಬಂದಿತ್ತು. ಶಕವರ್ಷದ ಅಂಕೆ ಒಂದಿದ್ದರೆ ಸಂದೇಹ ತೀರುತ್ತದೆ. ಇಲ್ಲವಾದರೆ ತಿಥಿ, ವಾರಗಳನ್ನು ಹಿಡಿದು ಪಂಚಾಂಗದ ಗಣಿತವನ್ನು ಮಾಡಬೇಕು. ಅಷ್ಟಾದರೂ ಅದು ಪ್ರತಿ ಎತ್ತಿದ ಕಾಲವೇ ಹೊರತು ಕಾವ್ಯ ಹುಟ್ಟಿದ ಕಾಲವಾಗಬೇಕೆಂದಿಲ್ಲ. ಕಾವ್ಯ ಅದಕ್ಕಿಂತ ಹೊಸದಲ್ಲ ಎಂಬುದು ಮಾತ್ರ ಖಂಡಿತ.

ಗ್ರಂಥದಲ್ಲಿ ಬರುವ ವಸ್ತುಗಳೂ ಸಾಕ್ಷಿ ನುಡಿಯುತ್ತವೆ. ಮೆಣಸಿನಕಾಯಿ, ಅನಾನಸು, ಗೇರು, ಹೊಗೆಸೊಪ್ಪು—ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ೧೪೯೮ರಲ್ಲಿ ಪೋರ್ಚುಗೀಸರು ಸಮುದ್ರಮಾರ್ಗವಾಗಿ ಬಂದ ಮೇಲೆ ಈ ದೇಶಕ್ಕೆ ಕಾಲಿಟ್ಟವು. ಕುಂದಾಪುರದ ಬಳಿಯ ಬಸರೂರಿನೊಡನೆ ಅವರ ವ್ಯಾಪಾರವೂ ಇತ್ತು. ಹದಿನಾಲ್ಕನೆಯ ಶತಮಾನದ್ದೆಂದು ಹೇಳಿಕೊಳ್ಳುವ ಗ್ರಂಥದ ಅಡಿಗೆಮನೆಯಲ್ಲಿ ಮೆಣಸಿನಕಾಯಿಯ ಘಾಟು ಬಂದರೆ, ಆ ಗ್ರಂಥ ತನ್ನ ವಯಸ್ಸನ್ನು ಮರೆಮಾಚುತ್ತಿದೆ ಎಂದೇ ತಿಳಿಯಬೇಕು.

ಭಾಷೆಯ ಸುಳಿವನ್ನು ಮಾತ್ರ ಎಚ್ಚರಿಕೆಯಿಂದ ಬಳಸಬೇಕು. ಪ್ರಸಂಗವೊಂದರಲ್ಲಿ ‘ಹೋಪ’, ‘ಬಪ್ಪ’ ಎಂಬ ರೂಪಗಳು ಕಂಡುವೆಂದು ಊಹಿಸಿಕೊಳ್ಳಬಹುದು. ಕುಂದಾಪುರದ ಕಡೆಯ ಓದುಗನು ಕೂಡಲೆ, ಇದು ನಮ್ಮ ಕುಂದಗನ್ನಡ, ಕವಿ ನಮ್ಮವನೇ ಎಂದು ಹಿಗ್ಗುತ್ತಾನೆ. ಅದೇ ಹೊತ್ತಿಗೆ ಕುಂಬಳೆಯ ಓದುಗನು, ಇದು ನಮ್ಮ ಮನೆಯ ಹವ್ಯಕ ಮಾತು, ಕವಿ ನಮ್ಮವನು ಎನ್ನುತ್ತಾನೆ. ಇಬ್ಬರ ಮಾತೂ ನಿಜ. ಹಳಗನ್ನಡದ ರೂಪಗಳನ್ನು ಎರಡು ಕಡೆಯ ಆಡುನುಡಿಗಳೂ ಉಳಿಸಿಕೊಂಡಿವೆ. ಒಂದೇ ಹೆಜ್ಜೆಯ ಗುರುತು ಎರಡು ಬಾಗಿಲುಗಳ ಕಡೆಗೆ ಹೋದಂತಾಯಿತು. ಇಂತಹ ಕಡೆಯಲ್ಲಿ ತನ್ನ ಊರಿನ ಬಾಗಿಲನ್ನೇ ತಟ್ಟುವವನು ಪತ್ತೇದಾರನಲ್ಲ, ವಕೀಲ.

ಕಾರಂತರ ವಾದಕ್ಕೆ ಬಲವಾದ ಪ್ರತಿವಾದ ಬಂದಿತು. ಕುಕ್ಕಿಲ ಕೃಷ್ಣ ಭಟ್ಟರು ೧೯೭೫ರಲ್ಲಿ ‘ಪಾರ್ತಿಸುಬ್ಬನ ಯಕ್ಷಗಾನಗಳು’ ಎಂಬ ಸಂಪುಟವನ್ನು ಸಂಪಾದಿಸಿ, ಕುಂಬಳೆಯ ಪಕ್ಷವನ್ನು ಪಾಂಡಿತ್ಯಪೂರ್ಣವಾಗಿ ಮಂಡಿಸಿದರು. ಈ ಪ್ರಸಂಗಗಳಿಗೂ ಮಲಯಾಳದಲ್ಲಿ ಕೊಟ್ಟಾರಕ್ಕರ ತಂಬುರಾನನು ರಚಿಸಿದ ರಾಮನಾಟ್ಟಕ್ಕೂ ಇರುವ ಹೋಲಿಕೆಗಳನ್ನು ಅವರು ಎತ್ತಿ ತೋರಿಸಿದರು. ಕೇರಳದ ನೆರೆಯಲ್ಲಿ ಬಾಳಿದ ಕವಿಗೆ ಆ ಪರಿಚಯ ಸಹಜವಾದುದು, ಬ್ರಹ್ಮಾವರದ ಕವಿಗೆ ಅಷ್ಟು ಸಹಜವಲ್ಲ ಎಂಬುದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ವಿದ್ವಾಂಸರ ಒಲವು ಹೆಚ್ಚಾಗಿ ಪಾರ್ತಿಸುಬ್ಬನ ಕಡೆಗೇ ಇದೆ. ಹಾಗೆಂದು ಕಾರಂತರ ಶ್ರಮ ವ್ಯರ್ಥವಾಯಿತೆನ್ನುವುದು ಅವಿವೇಕ. ಅವರು ಪ್ರಶ್ನೆಯನ್ನು ಎತ್ತದೆ ಇದ್ದಿದ್ದರೆ, ಎಲ್ಲರೂ ಕೇಳಿಕೊಂಡು ಬಂದ ಮಾತಿಗೇ ತಲೆದೂಗುತ್ತಿದ್ದರು. ಓಲೆಗರಿಗಳ ಕಟ್ಟನ್ನು ಬಿಚ್ಚಿ ನೋಡುವ ಅಗತ್ಯ ಯಾರಿಗೂ ಕಾಣುತ್ತಿರಲಿಲ್ಲ. ಸೋತ ವಾದವೂ ಗೆದ್ದ ವಾದವನ್ನು ಗಟ್ಟಿಗೊಳಿಸುತ್ತದೆ.

ಪದ ಇಂಪಾಗಿದ್ದರೆ ಸಾಕು, ಬರೆದವರು ಯಾರಾದರೇನು, ಚೆಂಡೆಯ ಪೆಟ್ಟು ಬಿದ್ದಾಗ ಕವಿಯ ಊರನ್ನು ಯಾರು ಕೇಳುತ್ತಾರೆ ಎನ್ನುವವರಿದ್ದಾರೆ. ಆಟ ನೋಡುವ ರಾತ್ರಿಯಲ್ಲಿ ಈ ಮಾತು ಒಪ್ಪತಕ್ಕದ್ದೇ. ಆದರೆ ಬೆಳಗಾದ ಮೇಲೆ ಅದು ಸಾಲದು. ಸುಬ್ಬನು ಕುಂಬಳೆಯವನಾದರೆ ರಾಮಾಯಣ ಪ್ರಸಂಗಗಳು ತೆಂಕಣಿಂದ ಬಡಗಣಕ್ಕೆ ಹರಿದುಬಂದಂತಾಯಿತು. ಅಜಪುರದವನಾದರೆ ಬಡಗಣಿಂದ ತೆಂಕಣಕ್ಕೆ. ತೆಂಕುತಿಟ್ಟು, ಬಡಗುತಿಟ್ಟುಗಳು ಪರಸ್ಪರ ಕೊಟ್ಟು ತೆಗೆದುಕೊಂಡದ್ದರ ಚರಿತ್ರೆಯೇ ಈ ಒಂದು ಹೆಸರಿನ ಮೇಲೆ ನಿಂತಿದೆ. ಮೇಲಾಗಿ, ದುಡಿದವನಿಗೆ ಕೂಲಿ ಸಲ್ಲಬೇಕೆನ್ನುವ ಸಮಾಜ, ಬರೆದವನಿಗೆ ಅವನ ಹೆಸರನ್ನಾದರೂ ಸಲ್ಲಿಸಬೇಡವೇ?

ಈ ಸೀಮೆಯ ಮನೆಗಳ ಅಟ್ಟಗಳಲ್ಲಿ ಎಂತಹ ಗ್ರಂಥಗಳಿದ್ದುವೆಂದು ಇನ್ನು ಪೂರ್ತಿಯಾಗಿ ಹೇಳುವವರಿಲ್ಲ. ಹಳೆಯ ಮನೆಯನ್ನು ಕೆಡವಿ ತಾರಸಿಯ ಮನೆ ಕಟ್ಟುವಾಗ ತೊಲೆ, ಕಂಬ, ಹಂಚುಗಳಿಗೆ ಬೆಲೆ ಕಟ್ಟುತ್ತಾರೆ. ಮಸಿ ಹಿಡಿದ ಗರಿಯ ಕಟ್ಟಿಗೆ ಬೆಲೆ ಕಟ್ಟುವವರಿಲ್ಲ. ಅಂತಹ ಒಂದು ಕಟ್ಟಿನ ಬೆಲೆ ಎಷ್ಟಾಗಬಹುದೆಂಬುದಕ್ಕೆ ಮೈಸೂರಿನ ನಿದರ್ಶನವಿದೆ. ಶತಮಾನಗಳಿಂದ ಕಳೆದುಹೋಯಿತೆಂದೇ ಎಣಿಸಿದ್ದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಓಲೆಪ್ರತಿಯನ್ನು ತಂಜಾವೂರಿನ ಕಡೆಯ ಪಂಡಿತನೊಬ್ಬನು ಅಲ್ಲಿಯ ಪ್ರಾಚ್ಯ ಗ್ರಂಥಾಲಯಕ್ಕೆ ತಂದುಕೊಟ್ಟನು, ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, ೧೯೦೯ರಲ್ಲಿ ಪ್ರಕಟಿಸಿದರು. ಕೇಂದ್ರ ಸರ್ಕಾರವು ೨೦೦೩ರಲ್ಲಿ ಹಸ್ತಪ್ರತಿಗಳಿಗಾಗಿಯೇ ರಾಷ್ಟ್ರೀಯ ಅಭಿಯಾನವೊಂದನ್ನು ಆರಂಭಿಸಿತು. ಆದರೆ ಅಟ್ಟದ ಮೇಲೆ ಏನಿದೆಯೆಂಬುದು ಮೊದಲು ತಿಳಿಯಬೇಕಾದುದು ದೆಹಲಿಗಲ್ಲ, ಆ ಮನೆಯ ಮಕ್ಕಳಿಗೆ.

ಬೈಂದೂರಿನ ಕಡೆಯ ಹಳ್ಳಿಯಲ್ಲಾಗಲಿ ಬ್ರಹ್ಮಾವರದ ಕಡೆಯ ಅಗ್ರಹಾರದಲ್ಲಾಗಲಿ ಹಳೆಯ ಮನೆಯ ಮಾಡು ಇಳಿಸುವ ದಿನ, ಕಟ್ಟೊಂದು ಕೈಗೆ ಸಿಕ್ಕಿದರೆ ಅದರ ದಾರವನ್ನು ಜಗ್ಗಬಾರದು, ನೀರಿನಿಂದ ಒರಸಬಾರದು, ಗರಿಗಳ ಕ್ರಮವನ್ನು ಕದಡಬಾರದು. ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ಗೋವಿಂದ ಪೈಗಳ ಹೆಸರಿನ ಸಂಶೋಧನ ಕೇಂದ್ರವಿದೆ. ಬಲ್ಲವರನ್ನು ಅಲ್ಲಿ ಕೇಳಬಹುದು. ತಡಮಾಡುವುದಕ್ಕೆ ಸಮಯವಿಲ್ಲ. ದೇವರ ಸ್ತುತಿಯೂ ಊರಿನ ಹೆಸರೂ ಇರುವುದು ಸಾಮಾನ್ಯವಾಗಿ ಮೊದಲಿನ ಗರಿಗಳಲ್ಲಿ. ಸಂವತ್ಸರವೂ ಬರೆದವನ ಹೆಸರೂ ಇರುವುದು ಕೊನೆಯ ಗರಿಯಲ್ಲಿ. ಹಲಗೆ ಕಳಚಿಹೋದ ಕಟ್ಟಿನಲ್ಲಿ ಗೆದ್ದಲು ಮೊದಲು ತಿನ್ನುವುದೂ ಅವನ್ನೇ.